ಬಾರ್ ಚಾರ್ಟ್‌ನಲ್ಲಿ ಇಲ್ಲದ ದಿನಗಳು

ಕಳೆದ ವಾರ ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೇ ಜೂನಿಯರ್ ಸಿಕ್ಕಿದ. ಲಡಾಖ್‌ನಲ್ಲಿ ಕೆಲಸ ಸಿಕ್ಕಿದೆಯಂತೆ. "ಸೋಮವಾರ ಲೇಹ್‌ಗೆ ಫ್ಲೈಟು, ಮಂಗಳವಾರ ಸೈಟು ಸಾರ್" ಅಂದ. ನನ್ನ ಎದೆ ಧಸಕ್ ಅಂತು. ನಾನೂ ಒಮ್ಮೆ ಹೀಗೇ ಲೆಕ್ಕ ಹಾಕಿದ್ದೆ.

ಆಗ ಲಡಾಖ್‌ನಲ್ಲಿ ನಮ್ಮದು ಕಲ್ವರ್ಟ್ ಕೆಲಸ, ಅಂದರೆ ರಸ್ತೆಯಡಿಯ ಮೋರಿ, 4,200 ಮೀಟರ್ ಎತ್ತರದಲ್ಲಿ. ಸೆಪ್ಟೆಂಬರ್ ಕೊನೆ. ಚಳಿ 5 ಡಿಗ್ರಿಗಿಂತ ಕೆಳಗಿಳಿದರೆ ಕಾಂಕ್ರೀಟ್ ಸೆಟ್ ಆಗೋದೇ ನಿಧಾನ. ಹಸಿ ಇದ್ದಾಗಲೇ ಒಳಗಿನ ನೀರು ಹೆಪ್ಪುಗಟ್ಟಿದರೆ ಸ್ಲ್ಯಾಬ್ ಕೆಟ್ಟ ಹಾಗೇ. ಹಾಗಾಗಿ ಆಫೀಸಿನಿಂದ ದಿನಕ್ಕೆ ಮೂರು ಸಲ ಫೋನು. ಸ್ಟೀಲ್ ಕಟ್ಟೋಕೆ ಬಾಗೇಪಲ್ಲಿ ಕಡೆಯ ಮೇಸ್ತ್ರಿಯನ್ನು ನಾನೇ ಕರೆಸಿದ್ದೆ. ಲೇಹ್ ಇರೋದು ಸುಮಾರು 3,500 ಮೀಟರ್‌ನಲ್ಲಿ. ಅಲ್ಲಿ ವಿಮಾನ ಇಳಿದ ಮರುದಿನವೇ ಅವರನ್ನು ಸೈಟಿಗೆ ಹತ್ತಿಸಿದೆ. ನಂದಿ ಬೆಟ್ಟದಲ್ಲಿ ತಡೆಗೋಡೆ ಕಟ್ಟಿದವರು, ಬೆಟ್ಟ ಇವರಿಗೆ ಹೊಸದಲ್ಲ ಅಂದುಕೊಂಡೆ. ನಂದಿ 1,478 ಮೀಟರ್, ಅಷ್ಟೇ. ನಮ್ಮ ಸೈಟಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 60 ಪರ್ಸೆಂಟ್. ಒಂದೊಂದು ಉಸಿರಿಗೂ ಸಿಗುವ ಆಕ್ಸಿಜನ್ನೂ ಅಷ್ಟೇ.

ಮೊದಲ ಸಂಜೆಯೇ ಅವರಿಗೆ ತಲೆನೋವು, ಊಟ ಬೇಡ ಅಂದರು. "ಪ್ರಯಾಣದ ಸುಸ್ತು, ಮಲಗಿ ಮೇಸ್ತ್ರಿ" ಅಂತ ಮಾತ್ರೆ ಕೊಟ್ಟೆ. ಮರುದಿನವೂ ಕೆಲಸಕ್ಕೆ ಬಂದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಟ್ಟು ಹಾಕಿ ಕೂತುಬಿಡುತ್ತಿದ್ದರು. ನಾನು ನೋಡಿದೆ. ನೋಡಿಯೂ, ಇನ್ನೆಷ್ಟು ಕಟ್ಟು ಬಾಕಿ ಅಂತ ಎಣಿಸಿದೆ.

ರಾತ್ರಿ ಒಂದು ಗಂಟೆಗೆ ಕೆಮ್ಮು ಕೇಳಿ ಎದ್ದೆ. ಅವರು ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಕೂತಲ್ಲೇ ಏದುಸಿರು, ಎದೆಯಲ್ಲಿ ಗೊರಗೊರ ಸದ್ದು. ಟಾರ್ಚ್ ಬಿಟ್ಟರೆ ಉಗುರುಗಳು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ನನ್ನ ಜೊತೆ ಸದಾ ಕನ್ನಡ ಮಾತಾಡುವವರು ಮನೆಯ ತೆಲುಗಿನಲ್ಲಿ "ಊಪಿರಿ ಆಡಟ್ಲೇದು ಸಾರ್" ಅಂದರು, ಉಸಿರಾಡೋಕೆ ಆಗ್ತಿಲ್ಲ ಅಂತ.

ಆಕ್ಸಿಜನ್ ಸಿಲಿಂಡರ್ ಸ್ಟೋರಿನಲ್ಲಿತ್ತು. ಸ್ಟೋರಿಗೆ ಬೀಗ. ಬೀಗದ ಕೈ ಇದ್ದವರು ಲೇಹ್‌ನಲ್ಲಿ. ಬೀಗ ಒಡೆದೆವು. ವಾಲ್ವ್ ತಿರುಗಿಸೋ ಸ್ಪ್ಯಾನರ್ ಇಲ್ಲ. ಹತ್ತು ನಿಮಿಷ ಪೆಟ್ಟಿಗೆಗಳನ್ನೆಲ್ಲ ಮಗುಚಿ ಹುಡುಕಿದೆ. ಆಚೆಯಿಂದ ಆ ಕೆಮ್ಮು ಬರುತ್ತಲೇ ಇತ್ತು. ಇವರ ಹೆಂಡತಿಗೆ ಫೋನ್ ಮಾಡಿ ಏನು ಹೇಳಲಿ ಅನ್ನೋದೊಂದೇ ತಲೆಯಲ್ಲಿ. ಕೊನೆಗೆ ನಮ್ಮ ಲಡಾಖಿ ಡ್ರೈವರ್ ಗದರಿದ: ಹುಡುಕಿದ್ದು ಸಾಕು, ಮೊದಲು ಕೆಳಗಿಳಿಸಿ. ಅವನಿಗೆ ಗೊತ್ತಿತ್ತು. ಎತ್ತರಕ್ಕೆ ಮೈ ಒಗ್ಗದೆ ಬರುವ ಈ ಕಾಯಿಲೆಗೆ ಕೆಳಗಿಳಿಯೋದೇ ಮೊದಲ ಮದ್ದು. ದಾರಿಯುದ್ದಕ್ಕೂ ಅವರನ್ನು ನನ್ನ ಎದೆಗೆ ಒರಗಿಸಿ ಕೂರಿಸಿಕೊಂಡಿದ್ದೆ.

ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಲೇಹ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ನಾಲ್ಕು ದಿನ ಇಟ್ಟುಕೊಂಡರು. ಉಳಿದರು. ಸ್ಲ್ಯಾಬ್ ಒಂದು ವಾರ ತಡವಾಯಿತು, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ನಮ್ಮ ಬಾರ್ ಚಾರ್ಟ್‌ನಲ್ಲಿ, ಅಂದರೆ ಕೆಲಸದ ವೇಳಾಪಟ್ಟಿಯಲ್ಲಿ, ಶಟರಿಂಗ್, ಸ್ಟೀಲ್, ಕ್ಯೂರಿಂಗ್ ಎಲ್ಲದಕ್ಕೂ ದಿನ ಇತ್ತು. ಜನರ ಮೈ ಒಗ್ಗೋಕೆ ಒಂದು ದಿನವೂ ಇರಲಿಲ್ಲ. ಮ್ಯಾನೇಜ್‌ಮೆಂಟ್ ಬರೆಯಲಿಲ್ಲ, ನಿಜ. ನಾನೂ ಕೇಳಲಿಲ್ಲ.

ಹುಡುಗನಿಗೆ ಇಷ್ಟು ಹೇಳಿದೆ. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಸುಮ್ನೆ ಮಲಗು. ಆಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ತಲೆನೋವಿದ್ದರೆ ಯಾರನ್ನೂ ಮೇಲೆ ಹತ್ತಿಸಬೇಡ. ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡ. ಸ್ಪ್ಯಾನರನ್ನು ಸಿಲಿಂಡರಿಗೇ ಬೈಂಡಿಂಗ್ ವೈರಿನಲ್ಲಿ ಕಟ್ಟಿಡು.

ಅವನು ಅಲ್ಲೇ ನಿಂತು ಮ್ಯಾನೇಜರಿಗೆ ಫೋನ್ ಹಚ್ಚಿದ. ಆ ಕಡೆಯಿಂದ ದನಿ ಜೋರಾಯಿತು. "ಕೊಡಪ್ಪ ಇಲ್ಲಿ" ಅಂತ ಫೋನ್ ಇಸ್ಕೊಂಡೆ.