ಅಮ್ಮತ್ತಿ ದಾರಿಯ ಇಟಾಲಿಯನ್ ಊಟ

ಕೊಡಗಿನಲ್ಲಿ ಹೋಟೆಲುಗಳಿಗೆ ಬರವಿಲ್ಲ. ಕುಶಾಲನಗರದಿಂದ ಮಡಿಕೇರಿಗೆ ಬರುವಷ್ಟರಲ್ಲಿ ರಸ್ತೆಯ ಎರಡೂ ಬದಿ ಬೋರ್ಡುಗಳೇ. ಆದರೆ ಅದರಲ್ಲಿ ಜಾಸ್ತಿ ಜಾಗಗಳು ಶನಿವಾರ ಬಂದು ಭಾನುವಾರ ಹೋಗುವವರಿಗಾಗಿ ಇರುವಂಥವು. ಮಳೆ ಹಿಡಿದರೆ ಎಷ್ಟೋ ಕಡೆ ಮೇಜುಗಳು ಖಾಲಿ. ಧೋ ಅಂತ ಸುರಿಯುವ ಆಗಸ್ಟ್ ತಿಂಗಳಲ್ಲಿ, ವಾರದ ನಡುವೆ, ಮನೆಮಂದಿಯೆಲ್ಲ ಹೋಗಿ ನಿಧಾನಕ್ಕೆ ಕೂತು ಉಣ್ಣುವ ಜಾಗ ನಮಗೂ ಒಂದು ಬೇಕಲ್ವಾ? ಈ ವರ್ಷ ಅದು ಸಿಕ್ಕಿತು. ಸಿಕ್ಕಿದ್ದು ಇಟಾಲಿಯನ್ ಸ್ಟೇಕ್‌ಹೌಸ್ ರೂಪದಲ್ಲಿ.

ವಿರಾಜಪೇಟೆಯಿಂದ ಅಮ್ಮತ್ತಿ ಕಡೆಗೆ ಹೋಗುವಾಗ ಸಿಗುತ್ತದೆ. ಮೊದಲು ಕಾಫಿ ಗೋಡೌನ್ ಆಗಿದ್ದ ಕಟ್ಟಡ. ಕೆಲವೇ ಮೇಜುಗಳು, ಒಂದು ಮೂಲೆಯಲ್ಲಿ ಸೌದೆ ಒಲೆ. ನಡೆಸುವವನು ನಮ್ಮ ಕಡೆಯ ಹುಡುಗನೇ. ಹಡಗಿನ ಅಡುಗೆಮನೆಯಲ್ಲಿ ದುಡಿದು, ಆಮೇಲೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಕೆಲಸ ಕಲಿತು ಊರಿಗೆ ವಾಪಸ್ ಬಂದವನು.

ನಾವು ಹೋದದ್ದು ಆಗಸ್ಟ್ 3ಕ್ಕೆ. ನಮ್ಮ ಮನೆಯಲ್ಲಿ ಅದು ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ. ಪಕ್ಕದ ಕೊಡವರ ಮನೆಯಲ್ಲಿ ಅದೇ ದಿನಕ್ಕೆ ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ. ಅಪ್ಪ, ಅಮ್ಮ, ನಾನು. ಮೆನು ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಅಮ್ಮ ಅದನ್ನು ಮಡಚಿ ಪಕ್ಕಕ್ಕಿಟ್ಟರು. ಹುಡುಗ ಅದನ್ನು ಗಮನಿಸಿ ತಾನೇ ಬಂದು ಕುರ್ಚಿ ಎಳೆದುಕೊಂಡು ಕೂತ. ಒಂದೊಂದೇ ಅಡುಗೆಯನ್ನು ನಮ್ಮ ಮನೆಮಾತಾದ ಅರೆಭಾಷೆಯಲ್ಲೇ ವಿವರಿಸಿದ. ಅಮ್ಮನ ಮುಖ ಅಲ್ಲೇ ಸಡಿಲವಾಯಿತು.

ಸ್ಟೇಕ್ ಅಂದರೆ ದನದ ಮಾಂಸ ತಾನೇ ಎಂದು ಅಪ್ಪ ನೇರವಾಗಿಯೇ ಕೇಳಿದರು. ಫ್ಲಾರೆನ್ಸ್‌ನಲ್ಲಿ ಹೌದು. ಅಲ್ಲಿನ ಹೆಸರಾಂತ ಬಿಸ್ತೆಕ್ಕಾ ಎಂದರೆ ಕಿಯಾನೀನಾ ಎಂಬ ದೊಡ್ಡ ಬಿಳಿ ತಳಿಯ ದನದ್ದು. ಮೂಳೆ ಸಮೇತ ಮೂರು ನಾಲ್ಕು ಬೆರಳು ದಪ್ಪಕ್ಕೆ ಕತ್ತರಿಸಿ, ಕೆಂಡದ ಮೇಲೆ ಸುಟ್ಟು, ಒಳಗೆ ಕೆಂಪಗಿರುವಾಗಲೇ ಬಡಿಸುತ್ತಾರೆ. ಇಲ್ಲಿ ಅದು ಬೇಡ ಎಂದು ಹುಡುಗ ಮೊದಲೇ ತೀರ್ಮಾನಿಸಿದ್ದ. 2021ರಿಂದ ಜಾರಿಯಲ್ಲಿರುವ ರಾಜ್ಯದ ಗೋಹತ್ಯೆ ತಡೆ ಕಾನೂನು ಒಂದು ಕಡೆ, ಅವನ ಮನೆಯ, ನಮ್ಮ ಮನೆಯ ಪದ್ಧತಿ ಇನ್ನೊಂದು ಕಡೆ. ಹಂದಿ ಇರುವಾಗ ನಮಗೇನು ಕಡಿಮೆ? ಅದೇ ಕೆಂಡ, ಅದೇ ಕ್ರಮ, ಮಾಂಸ ಮಾತ್ರ ನಮ್ಮೂರಿನದು.

ಮೊದಲು ಬ್ರೆಡ್ ಬಂತು. ಅಪ್ಪ ಒಂದು ತುಂಡು ಬಾಯಿಗಿಟ್ಟು, ಉಪ್ಪೇ ಇಲ್ಲ ಎಂದರು. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ಬ್ರೆಡ್ ಹಾಗೆಯೇ ಇರುತ್ತದೆ, ಉಪ್ಪು ಹಾಕುವುದಿಲ್ಲ. ಜೊತೆಯ ಮಾಂಸ, ಕಾಳು ಎಲ್ಲದರಲ್ಲೂ ಉಪ್ಪು ಚೆನ್ನಾಗಿ ಇರುತ್ತದೆ. ನಾವು ಅನ್ನಕ್ಕೆ ಉಪ್ಪು ಹಾಕದೆ ಸಾರಿಗೆ ಹಾಕುವುದಿಲ್ಲವಾ, ಹಾಗೆ.

ಆಮೇಲೆ ಬರೀ ಚೀಸು, ಕರಿಮೆಣಸು ಹಾಕಿದ ಪಾಸ್ತಾ. ರೋಮಿನವರು ಕಾಚೊ ಎ ಪೆಪೆ ಅನ್ನುವುದು ಇದಕ್ಕೇ. ಅಪ್ಪ ಜೀವನಪೂರ್ತಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಪಾಸ್ತಾ ಬಿಟ್ಟು, ಮೇಜಿನ ಮೇಲಿದ್ದ ಬಟ್ಟಲಿನಿಂದ ನಾಲ್ಕು ಮೆಣಸಿನ ಕಾಳು ಅಂಗೈಗೆ ಸುರಿದುಕೊಂಡು ಉಜ್ಜಿದರು. ಮೂಸಿದರು. ಕಾಳಿನ ದಪ್ಪ ನೋಡಿದರೆ ಪಣಿಯೂರು ತಳಿ ಅಂದರು. ಹೌದಂತೆ, ಹುಡುಗನ ಮನೆಯ ತೋಟದ್ದೇ. ಆಗ ನಾನು ಅಪ್ಪನಿಗೆ ಹಳೇ ಕಥೆಯೊಂದನ್ನು ಹೇಳಿದೆ. ಕ್ರಿ.ಶ. 408ರಲ್ಲಿ ಅಲಾರಿಕ್ ಎಂಬ ಗಾಥ್ ಜನಾಂಗದ ರಾಜ ರೋಮ್‌ಗೆ ಮುತ್ತಿಗೆ ಹಾಕಿದ. ಬಿಟ್ಟು ಹೋಗಬೇಕಾದರೆ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3,000 ಪೌಂಡ್ ಮೆಣಸೂ ಕೊಡಬೇಕು ಎಂದ. ಆ ಕಾಲದಲ್ಲಿ ರೋಮಿಗೆ ಮೆಣಸು ಹೋಗುತ್ತಿದ್ದದ್ದು ಮಲಬಾರಿನ ಬಂದರುಗಳಿಂದ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಅಷ್ಟು ಮೆಣಸು ಕುಯ್ದು ಒಣಗಿಸಿದವರು ಯಾರಪ್ಪಾ' ಅಂದರು. ಬಳ್ಳಿಗೆ ಏಣಿ ಇಟ್ಟು ಹತ್ತುವವರನ್ನು ವರ್ಷಾನುಗಟ್ಟಲೆ ಕಂಡವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಒಲೆಗೆ ಕರೆಂಟ್ ಬೇಡವಲ್ಲ, ಕೆಲಸ ನಿಲ್ಲಲಿಲ್ಲ. ಕಾಫಿ ಗಿಡದ ರೆಂಬೆ ಸವರುವಾಗ ಸಿಗುವ ಒಣಗಿದ ಕಾಂಡಗಳೇ ಅದಕ್ಕೆ ಸೌದೆ. ಕೆಂಡದ ಮೇಲೆ ಹಂದಿಯ ಚಾಪ್ ಬಿತ್ತು, ಎರಡು ಬೆರಳು ದಪ್ಪ, ಪಕ್ಕೆಲುಬಿನ ಮೂಳೆ ಸಮೇತ. ಹಿಂದಿನ ರಾತ್ರಿಯೇ ಉಪ್ಪು ಸವರಿಟ್ಟಿದ್ದು. ಬೇರೆ ಮಸಾಲೆ ಇಲ್ಲ. ಕೊಬ್ಬಿನ ಅಂಚನ್ನು ಮೊದಲು ಕೆಂಡಕ್ಕೆ ಒಡ್ಡಿ ನಿಲ್ಲಿಸಿ ಹಿಡಿದ. ಕೊಬ್ಬು ಚಟಚಟ ಅಂತ ಕರಗಿ ಅಂಚು ಹೊಂಬಣ್ಣಕ್ಕೆ ತಿರುಗಿದ ಮೇಲೆಯೇ ಮಲಗಿಸಿದ್ದು. ಬೆಂದ ಮೇಲೂ ತಕ್ಷಣ ಕೊಡಲಿಲ್ಲ. ಮರದ ಹಲಗೆಯ ಮೇಲಿಟ್ಟು ಹತ್ತು ನಿಮಿಷ ಸುಮ್ನೆ ಬಿಟ್ಟ. ಬಿಸಿಬಿಸಿ ಇರುವಾಗಲೇ ಕುಯ್ದರೆ ರಸವೆಲ್ಲ ಹಲಗೆಗೆ ಹರಿದು ಹೋಗುತ್ತದೆ.

ಅಮ್ಮನಿಗೆ ಒಂದೇ ಅನುಮಾನ, ಒಳಗೆ ಬೆಂದಿದೆಯಾ ಅಂತ. ಪಂದಿಕರಿ ಮಾಡಿ ಬೆಳೆದ ಕೈ ಅದು, ಹಂದಿಯನ್ನು ಹಸಿಯಾಗಿ ಬಿಡುವುದು ಗೊತ್ತೇ ಇಲ್ಲ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಹಂದಿ ಮಾಂಸಕ್ಕೆ ಸಾಕು ಅನ್ನುತ್ತಿದ್ದ ಒಳಬಿಸಿಯನ್ನು 2011ರಲ್ಲಿ 71 ಡಿಗ್ರಿಯಿಂದ 63ಕ್ಕೆ ಇಳಿಸಿತು, ಒಲೆಯಿಂದ ತೆಗೆದ ಮೇಲೆ ಮೂರು ನಿಮಿಷ ಬಿಡಬೇಕು ಅಂತ ಸೇರಿಸಿ. ಹುಡುಗನಿಗೆ ಅದೆಲ್ಲ ಗೊತ್ತು. ಆದರೂ ಥರ್ಮಾಮೀಟರ್ ಚುಚ್ಚಿ 71 ದಾಟಿದ್ದನ್ನು ಅಮ್ಮನಿಗೇ ತೋರಿಸಿದ. ಲಾಡಿಹುಳುವಿನ ಭಯ ನಮ್ಮ ದೇಶದಲ್ಲಿ ಸುಳ್ಳಲ್ಲ. ಅವನು ಮಾಡಿದ್ದೇ ಸರಿ. ಅಷ್ಟು ಬೆಂದರೂ ಮಾಂಸ ಮೆತ್ತಗೆ, ರಸ ತುಂಬಿಕೊಂಡೇ ಇತ್ತು.

ಊಟದ ಜೀವ ಇದ್ದದ್ದು ತಟ್ಟೆಯ ಅಂಚಿನಲ್ಲಿ ಎಳೆದಿದ್ದ ಕಪ್ಪು ಗೆರೆಯಲ್ಲಿ. ಇಟಲಿಯ ಮೊಡೆನಾದಲ್ಲಿ ದ್ರಾಕ್ಷಿ ರಸವನ್ನು ಕುದಿಸಿ ಇಂಗಿಸಿ, ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಇಟ್ಟು ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರ್ ಮಾಡುತ್ತಾರೆ. ಇದೂ ಅದೇ ಇರಬೇಕೆಂದು ನಾನು ಬೆರಳದ್ದುವ ಮೊದಲೇ ಅಮ್ಮ ಒಂದು ಹನಿ ನಾಲಿಗೆಗಿಟ್ಟು 'ಕಾಚಂಪುಳಿ' ಅಂದರು. ತಟ್ಟೆಯನ್ನು ಓರೆ ಮಾಡಿದರು. ಗೆರೆ ಹರಿಯಲಿಲ್ಲ, ನಿಧಾನಕ್ಕೆ ಜಾರಿತು, ಹಿಂದೆ ಕಂದು ಪದರ ಬಿಟ್ಟಿತು. ಕಲಬೆರಕೆಯದ್ದು ನೀರಿನ ಹಾಗೆ ಓಡುತ್ತದೆ. ಕಾಚಂಪುಳಿ ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ. ಅದಕ್ಕೆ ಮಳೆಗಾಲದಲ್ಲಿ ಹಣ್ಣಾಗಿ ಬಿದ್ದ ಪಣಪುಳಿ ಎಂಬ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಪಾತ್ರೆ ಇಟ್ಟು, ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸಬೇಕು. ಬುಟ್ಟಿ ತುಂಬ ಹಣ್ಣಿಗೆ ಸಿಗುವುದು ಸ್ವಲ್ಪವೇ. ಸರಿಯಾಗಿ ಕುದಿಸಿದ್ದಾದರೆ ವರ್ಷಗಟ್ಟಲೆ ಕೆಡುವುದಿಲ್ಲ. ಸುಟ್ಟ ಕೊಬ್ಬಿನ ಮೇಲೆ ಆ ಹುಳಿ ಕೂತಾಗ ಬಂದ ರುಚಿಗೆ ಇಟಲಿಯವರೂ ತಲೆದೂಗುತ್ತಾರೆ ಅಂತ ನನ್ನ ನಂಬಿಕೆ.

ಕೊನೆಗೆ ಪನ್ನಾ ಕೋಟಾ. ಕೆನೆ, ಸಕ್ಕರೆ ಬಿಸಿ ಮಾಡಿ ಜೆಲಾಟಿನ್ ಹಾಕಿ ಹೆಪ್ಪುಗಟ್ಟಿಸುವ ಸಿಹಿ, ಬೆಳ್ಳಗಿರಬೇಕು. ನಮ್ಮ ಮುಂದೆ ಬಂದದ್ದು ಗಾಢ ನೇರಳೆ! ಆಟಿ ಹದಿನೆಂಟಕ್ಕೆ ಮದ್ದುಸೊಪ್ಪು ಕುದಿಸಿ ಆ ರಸವನ್ನು ಕೆನೆಗೆ ಸೇರಿಸಿದ್ದ. ಈ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಮೇಲೆ ಜೇನು. ಅಪ್ಪ ಎರಡನೇ ಬಟ್ಟಲು ತರಿಸಿಕೊಂಡರು. ಮನೆಯ ಮದ್ದು ಪಾಯಸಕ್ಕೆ ಅಷ್ಟು ಕೇಳಿದವರಲ್ಲ.

ಹೊರಡುವಾಗ ನಾನು ಹುಡುಗನಿಗೆ ಹೇಳಿದ್ದು ಒಂದೇ. ಊರಿನವರಿಗೆ ಅಂತ ಹೋಟೆಲ್ ಮಾಡಿದ ಮೇಲೆ ಮೆನು ಕನ್ನಡದಲ್ಲೂ ಇರಬೇಕು. ಎಲ್ಲರ ಪಕ್ಕ ಬಂದು ಕೂತು ವಿವರಿಸುವುದಕ್ಕೆ ಅವನಿಗೆ ಸಮಯ ಎಲ್ಲಿರುತ್ತದೆ? ಅವನು ತಕ್ಷಣ ಒಪ್ಪಿದ, ನಾನೇ ಬರೆದುಕೊಟ್ಟೆ. ಅಮ್ಮ ಹೇಳಿದ ಒಂದು ಸಾಲನ್ನು ಅದರಲ್ಲಿ ಸೇರಿಸಿದ್ದಾನೆ: 'ಹಂದಿ ಚಾಪ್ ಪೂರ್ತಿ ಬೇಯಿಸಿಯೇ ಕೊಡುತ್ತೇವೆ, ಅರ್ಧ ಗಂಟೆ ಕಾಯಬೇಕು.'