ಶಾಖ ಕೊಟ್ಟಾಯ್ತು, ಆಮೇಲೆ ಏನು ಮಾಡ್ತೀರಿ?

ಫಿಸಿಯೋಥೆರಪಿ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಬಿಸಿ ಇಡ್ಲಾ, ಐಸ್ ಇಡ್ಲಾ?" ಒಳಗೆ ಬಂದು ಕೂರುವ ಮೊದಲೇ ಕೇಳುತ್ತಾರೆ. ಫೋನ್ ಮಾಡಿ ಕೇಳುತ್ತಾರೆ. ಲಿಫ್ಟ್‌ನಲ್ಲಿ ಸಿಕ್ಕರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ, ಉತ್ತರವೂ ಇದೆ. ಆದರೆ ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ನನಗೆ ಇನ್ನೂ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ ಇದೆ. ಶಾಖದ ಚೀಲ ತೆಗೆದ ಮೇಲಿನ ಅರ್ಧ ಗಂಟೆ ಏನು ಮಾಡುತ್ತೀರಿ?

ಹೆಚ್ಚಿನವರು ಏನೂ ಮಾಡುವುದಿಲ್ಲ. ಹಾಯಾಯಿತು ಅಂತ ಹಾಗೇ ಮಲಗುತ್ತಾರೆ. ಸಂಜೆ ಹೊತ್ತಿಗೆ ನೋವು ವಾಪಸ್. ಮತ್ತೆ ಚೀಲ, ಮತ್ತೆ ಮಲಗುವುದು. ಶಾಖವಾಗಲಿ ಐಸ್ ಆಗಲಿ ಹರಿದ ನಾರನ್ನು ಜೋಡಿಸುವುದಿಲ್ಲ, ಸವೆದ ಕೀಲನ್ನು ಸರಿಮಾಡುವುದಿಲ್ಲ. ಸ್ವಲ್ಪ ಹೊತ್ತು ನೋವು ತಗ್ಗಿಸುತ್ತವೆ, ಬಿಗಿ ಸಡಿಲ ಮಾಡುತ್ತವೆ. ಆ ಸ್ವಲ್ಪ ಹೊತ್ತು ಬಲು ಬೆಲೆಯುಳ್ಳದ್ದು. ಅಂಗವನ್ನು ಆಡಿಸಬೇಕಾದದ್ದು ಆಗಲೇ.

ಮೊದಲು ಐಸ್ ವಿಷಯ. ಕಾಲು ಉಳುಕಿದೆ ಅಥವಾ ಮಂಡಿಗೆ ಪೆಟ್ಟು ಬಿದ್ದಿದೆ, ಜಾಗ ಊದಿಕೊಂಡಿದೆ, ಮುಟ್ಟಿದರೆ ಬಿಸಿ ಇದೆ ಅಂದರೆ ಮೊದಲ ಎರಡು ಮೂರು ದಿನ ಅಲ್ಲಿಗೆ ತಂಪೇ ಸರಿ. ತಂಪು ತಾಗಿದಾಗ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ನರಗಳಲ್ಲಿ ಸಂದೇಶ ಸಾಗುವ ವೇಗ ತಗ್ಗುತ್ತದೆ. ಐಸ್ ಇಟ್ಟುಕೊಂಡವರಿಗೆ ಅನುಭವ ಬರುವುದು ಹಂತ ಹಂತವಾಗಿ. ಮೊದಲು ಚಳಿ, ಆಮೇಲೆ ಉರಿ, ಆಮೇಲೆ ಒಳಗಿಂದ ಕೊರೆದಂತೆ ನೋವು, ಕೊನೆಗೆ ಜಾಗ ಮರಗಟ್ಟುವುದು. ಇದನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಉರಿ ಶುರುವಾದಾಗಲೇ ಹೆದರಿ ತೆಗೆದುಬಿಡುತ್ತಾರೆ. ಇನ್ನು ಕೆಲವರು ಮರಗಟ್ಟಿದ ಮೇಲೂ "ಇನ್ನೂ ಸ್ವಲ್ಪ ಹೊತ್ತು ಇರಲಿ" ಅಂತ ಬಿಡುತ್ತಾರೆ. ಮರಗಟ್ಟಿತು ಅಂದರೆ ಮುಗಿಯಿತು, ತೆಗೆಯಬೇಕು. ಹತ್ತು ಹದಿನೈದು ನಿಮಿಷ ಸಾಕು, ಇಪ್ಪತ್ತು ದಾಟಬಾರದು. ಮತ್ತೆ ಬೇಕಾದರೆ ಒಂದೆರಡು ಗಂಟೆ ಬಿಟ್ಟು.

ಜೆಲ್ ಪ್ಯಾಕ್ ಬಗ್ಗೆ ಒಂದು ಮಾತು. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ಜೆಲ್ ಅಲ್ಲಿಂದ ಹೊರಗೆ ಬಂದಾಗ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಆದರೂ ಮೆತ್ತಗಿರುವುದರಿಂದ ಕೈಗೆ ಅಪಾಯ ಅನ್ನಿಸುವುದಿಲ್ಲ. ಬರಿ ಚರ್ಮದ ಮೇಲಿಟ್ಟರೆ ಚರ್ಮ ಸುಟ್ಟಂತೆ ಗಾಯವಾಗುತ್ತದೆ. ಕರಗುತ್ತಿರುವ ಐಸ್ ಹಾಗಲ್ಲ. ಪೂರ್ತಿ ಕರಗುವ ತನಕ ಅದು ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಒಂದೊಂದು ಗ್ರಾಂ ಕರಗುವಾಗಲೂ ಸುಮಾರು 80 ಕ್ಯಾಲೊರಿ ಶಾಖ ಎಳೆದುಕೊಳ್ಳುತ್ತದೆ. ಅದಕ್ಕೇ ನಾನು ಹೇಳುವುದು ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಡು, ಜೊತೆಗೆ ಸ್ವಲ್ಪ ನೀರು, ಕೆಳಗೆ ತೆಳು ಒದ್ದೆ ಬಟ್ಟೆ. ನೀರಿದ್ದರೆ ಚೀಲ ಮಂಡಿಗೋ ಕಣಕಾಲಿಗೋ ಚೆನ್ನಾಗಿ ಒಗ್ಗಿ ಕೂರುತ್ತದೆ. ಜೆಲ್ ಪ್ಯಾಕೇ ಇರುವುದು ಅಂದರೆ ಬಟ್ಟೆ ದಪ್ಪ ಇರಲಿ.

ಮೈಯಲ್ಲಿ ಎರಡು ಜಾಗ ಜಾಸ್ತಿ ಜೋಪಾನ. ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಕೈಯಾಡಿಸಿದರೆ ಗುಂಡನೆಯ ಮೂಳೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳ ನರ ಅಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಇನ್ನೊಂದು ಮೊಣಕೈ ಒಳಬದಿ, ಪೆಟ್ಟು ಬಿದ್ದರೆ ಕಿರುಬೆರಳ ತನಕ ಕರೆಂಟ್ ಹೊಡೆದಂತಾಗುವ ಜಾಗ. ಇಲ್ಲಿ ಐಸ್ ಇಟ್ಟು ಬಿಗಿಯಾಗಿ ಸುತ್ತಿ ಬಹಳ ಹೊತ್ತು ಬಿಟ್ಟರೆ ನರಕ್ಕೇ ಪೆಟ್ಟು. ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವ ಹಾಗಾದ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿವೆ.

"ಐಸ್ ಇಡಲೇಬಾರದಂತೆ ಹೌದಾ ಮೇಡಂ?" ಅಂತ ಈಗೀಗ ಹುಡುಗರು ಕೇಳುತ್ತಾರೆ. ಅದಕ್ಕೊಂದು ಹಿನ್ನೆಲೆ ಇದೆ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 'ರೈಸ್' ಅನ್ನುವ ಸೂತ್ರ ಕೊಟ್ಟರು, ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರು. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಗಾಯದ ಭಾಗ ಎತ್ತರದಲ್ಲಿಡುವುದು. ಆಟದ ಮೈದಾನದಿಂದ ಆಸ್ಪತ್ರೆ ತನಕ ಎಲ್ಲರೂ ಅದನ್ನೇ ಪಾಲಿಸಿದರು. ಕೊನೆಗೆ ಮಿರ್ಕಿನ್ ಅವರೇ ಐಸ್ ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯುವುದನ್ನು ತಡ ಮಾಡಬಹುದು ಅಂತ ಬರೆದರು. ಊತ ಅನ್ನುವುದು ದೇಹದ ದುರಸ್ತಿ ಕೆಲಸದ್ದೇ ಒಂದು ಭಾಗ. ಕೆಟ್ಟದ್ದನ್ನು ತೆಗೆದುಹಾಕುವ ಜೀವಕೋಶಗಳು ಬರುವುದು ಆಗಲೇ. 2012ರಲ್ಲಿ ಅದೇ ರೀತಿ ಅಕ್ಷರ ಜೋಡಿಸಿ ಬಂದ 'ಪೊಲೀಸ್' ಸೂತ್ರದಲ್ಲಿ ಐಸ್ ಉಳಿಯಿತು, ಆದರೆ ವಿಶ್ರಾಂತಿಯ ಜಾಗಕ್ಕೆ ಹದವಾಗಿ ಭಾರ ಹಾಕುವುದು ಬಂತು. 2019ರ 'ಪೀಸ್ ಅಂಡ್ ಲವ್' ಸೂತ್ರದಲ್ಲಿ ಐಸ್‌ಗೆ ಜಾಗವೇ ಇಲ್ಲ.

ನನ್ನ ಮಟ್ಟಿಗೆ ನಾನು ಐಸ್ ಬಿಟ್ಟಿಲ್ಲ. ಮೊದಲ ಎರಡು ದಿನ, ಸ್ವಲ್ಪ ಸ್ವಲ್ಪ ಹೊತ್ತು, ನೋವಿಗೋಸ್ಕರ ಮಾತ್ರ. ನೋವು ತಡೆಯಲಾಗದವರು ಪಾದ ನೆಲಕ್ಕೂ ಊರುವುದಿಲ್ಲ. ಐಸ್ ತೆಗೆದ ಮೇಲೆ ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ ಅನ್ನುತ್ತೇನೆ. ಮೊದಲ ದಿನ 'ಅ' ಬರೆಯುವಷ್ಟರಲ್ಲೇ ಮುಖ ಹಿಂಡುತ್ತಾರೆ. ನೋವು ಏರದಷ್ಟು ಪುಟ್ಟದಾಗಿ ಬರೆದರೂ ಸಾಕು. ಕಣಕಾಲು ಎಲ್ಲ ದಿಕ್ಕಿಗೂ ಆಡಬೇಕು, ಅಷ್ಟೇ. ಮರಗಟ್ಟಿದ ಪಾದದಲ್ಲೇ ಓಡುವುದು, ಜಿಗಿಯುವುದು ಮಾತ್ರ ಬೇಡ. ಎಲ್ಲಿ ಹೆಚ್ಚಾಯಿತು ಅಂತ ಕಾಲು ಹೇಳುವುದೇ ಇಲ್ಲ.

ಇದಕ್ಕೆಲ್ಲ ಮೊದಲು ಒಂದು ಪರೀಕ್ಷೆ ಇದೆ. ಕಾಲು ಉಳುಕಿದವರು ಪೆಟ್ಟಾದ ಕೂಡಲೇ ಮತ್ತು ಈಗ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಬಲ್ಲರಾ? ಕಣಕಾಲಿನ ಎರಡೂ ಬದಿಯ ಉಬ್ಬಿದ ಮೂಳೆಗಳ ಹಿಂಬದಿ ಅಂಚನ್ನು ಒತ್ತಿದರೆ ಮೂಳೆಯಲ್ಲೇ ನೋವಾ? 1992ರಲ್ಲಿ ಕೆನಡಾದ ಒಟ್ಟಾವದಲ್ಲಿ ರೂಪುಗೊಂಡ ನಿಯಮಗಳು ಇವು. ಪಾದದ ನಡುವಿನ ಮೂಳೆಗಳಿಗೂ ಇಂಥದ್ದೇ ಪರೀಕ್ಷೆ ಇದೆ. ಹೆಜ್ಜೆ ಇಡಲಾಗದಿದ್ದರೆ, ಮೂಳೆ ನೋಯುತ್ತಿದ್ದರೆ ಮೊದಲು ಎಕ್ಸ್‌ರೇ. ಐಸ್ ಇಡುತ್ತಾ ವಾರ ಕಳೆಯಬಾರದು.

ಈಗ ಶಾಖ. ಹಳೆ ನೋವು, ಹಿಡಿದುಕೊಂಡ ಕತ್ತು, ಸೆಟೆದ ಸೊಂಟ, ಬೆಳಗ್ಗೆ ಎದ್ದಾಗ ಮಡಚಲು ಬಾರದ ಮಂಡಿ, ಇವಕ್ಕೆ ಶಾಖ ಹಿತ. ರಕ್ತನಾಳ ಅಗಲವಾಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ಕೀಲಿನ ಸುತ್ತಲಿನ ನಾರು ಎಳೆದಾಗ ಸುಲಭವಾಗಿ ಹಿಗ್ಗುತ್ತದೆ. ಚೀಲದ ಶಾಖ ಒಳಗಿಳಿಯುವುದು ಒಂದೆರಡು ಸೆಂಟಿಮೀಟರ್ ಅಷ್ಟೇ. ಸೊಂಟದ ಚಪ್ಪೆ ಕೀಲಿಗೆ ಅದು ಮುಟ್ಟುವುದೇ ಇಲ್ಲ. ಆದರೂ ಆರಾಮ ಸಿಗುತ್ತದೆ. ಚರ್ಮದಿಂದ ಹೋಗುವ ಬೇರೆ ಸಂವೇದನೆಗಳು ಬೆನ್ನುಹುರಿಯಲ್ಲೇ ನೋವಿನ ಸಂದೇಶಕ್ಕೆ ಬಾಗಿಲು ಹಾಕಬಲ್ಲವು ಅಂತ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದ್ದು ಇದನ್ನು ಅರ್ಥಮಾಡಿಕೊಳ್ಳಲು ಇಂದಿಗೂ ಸಹಾಯ ಮಾಡುತ್ತದೆ.

ನಮ್ಮ ವಿಭಾಗದ ಮೂಲೆಯಲ್ಲಿ ಒಂದು ಸ್ಟೀಲ್ ಟ್ಯಾಂಕ್ ಇದೆ. ಅದರಲ್ಲಿ ದಿನವಿಡೀ ನೀರು 70 ಡಿಗ್ರಿಗಿಂತ ಮೇಲೆ ಇರುತ್ತದೆ, ಒಳಗೆ ಜೇಡಿಮಣ್ಣು ತುಂಬಿದ ದಪ್ಪ ಬಟ್ಟೆಯ ಪ್ಯಾಕ್‌ಗಳು ತೂಗಾಡುತ್ತವೆ. ಇಕ್ಕಳದಲ್ಲಿ ತೆಗೆದು, ನೀರು ಸೋರಿಸಿ, ಆರೆಂಟು ಪದರ ಟವೆಲ್ ಸುತ್ತಿ ಇಡುತ್ತೇವೆ. ಇಟ್ಟ ಒಂದೇ ನಿಮಿಷಕ್ಕೆ ಕೂಗು ಬರುತ್ತದೆ: "ಏನೂ ಬಿಸಿನೇ ಇಲ್ವಲ್ಲ ಮೇಡಂ, ಒಂದು ಟವೆಲ್ ತೆಗೀರಿ." ತೆಗೆಯಬಾರದು. ಶಾಖ ಪದರ ದಾಟಿ ಚರ್ಮಕ್ಕೆ ಬರಲು ಐದಾರು ನಿಮಿಷ ಬೇಕು. ಆಮೇಲೂ ಅದು ಇನ್ನೂ ಸ್ವಲ್ಪ ಹೊತ್ತು ಏರುತ್ತದೆ. ಐದು ನಿಮಿಷಕ್ಕೆ ನಾನು ಪ್ಯಾಕ್ ಎತ್ತಿ ಚರ್ಮ ನೋಡುತ್ತೇನೆ. ಒಂದೇ ಸಮ ಕೆಂಪಗಾಗಿದ್ದರೆ ಸರಿ. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಬಿಳಿ ಮಚ್ಚೆ ಕಂಡರೆ ಜಾಸ್ತಿ ಆಯಿತು ಅಂತ ಅರ್ಥ, ತಕ್ಷಣ ತೆಗೆಯಬೇಕು. ಮನೆಯಲ್ಲೂ ಇದೇ ಕ್ರಮ. ಚೀಲದ ಮೇಲೆ ಮಲಗಬೇಡಿ. ಮೈಭಾರಕ್ಕೆ ಅಲ್ಲಿ ರಕ್ತ ಓಡಾಟ ಕಡಿಮೆಯಾಗಿ ಶಾಖ ಅಲ್ಲೇ ನಿಲ್ಲುತ್ತದೆ.

ಶಾಖಕ್ಕೆ ಮುಂಚೆ ನಾವು ಎರಡು ಗಾಜಿನ ಟ್ಯೂಬ್ ತೆಗೆದುಕೊಳ್ಳುತ್ತೇವೆ. ಒಂದರಲ್ಲಿ ಬೆಚ್ಚಗಿನ ನೀರು, ಇನ್ನೊಂದರಲ್ಲಿ ತಣ್ಣೀರು. ಕಣ್ಣು ಮುಚ್ಚಿಸಿ ಒಂದಾದ ಮೇಲೊಂದು ಚರ್ಮಕ್ಕೆ ತಾಗಿಸುತ್ತೇವೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದ ಅಜ್ಜ ಒಬ್ಬರು ಪಾದ ನೋವು ಅಂತ ಬಂದಿದ್ದರು. ಮಂಡಿಯ ಹತ್ತಿರ "ಬಿಸಿ", "ತಣ್ಣಗೆ" ಅಂತ ಪಟಪಟ ಹೇಳಿದರು. ಕಣಕಾಲಿನ ಹತ್ತಿರ ಬರುವಾಗ ತಡವಾಯಿತು. ಪಾದದ ಮೇಲೆ ಬಿಸಿ ಟ್ಯೂಬ್ ಇಟ್ಟೆ. ಸುಮ್ನೆ ಕೂತಿದ್ದರು. ಆಮೇಲೆ ಕೇಳಿದರು, "ಇಟ್ರಾ ಮಗಳೇ?" ಅವರ ಮನೆಯಲ್ಲಿ ರಾತ್ರಿ ಹೊತ್ತು ಅದೇ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟು ಮಲಗಿಸುತ್ತಿದ್ದರು, ಪ್ರೀತಿಯಿಂದಲೇ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪರೀಕ್ಷೆ ಮತ್ತೆ ಮಾಡಿ ತೋರಿಸಿದೆ. ನೂರು ಮಾತಿಗಿಂತ ಆ ಎರಡು ಟ್ಯೂಬ್ ಅವರಿಗೆ ಜಾಸ್ತಿ ಹೇಳಿದವು.

ಚರ್ಮ ಸುಡುವುದಕ್ಕೆ ಕುದಿಯುವ ನೀರೇ ಬೇಕಿಲ್ಲ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಅನ್ನುವ ಸಂಶೋಧಕರು 1947ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. 60 ಡಿಗ್ರಿ ಐದು ಸೆಕೆಂಡಿನಲ್ಲಿ ಸುಡುತ್ತದೆ. 44 ಡಿಗ್ರಿ, ಅಂದರೆ ಹಿತವಾದ ಬಿಸಿ ಅನ್ನಿಸುವಂಥದ್ದು, ಆರು ಗಂಟೆಯಲ್ಲಿ ಸುಡುತ್ತದೆ. ಹೀಟಿಂಗ್ ಪ್ಯಾಡ್ ಹಾಕಿಕೊಂಡು ನಿದ್ದೆ ಹೋಗಬೇಡಿ ಅಂತ ನಾವು ಬಡಿದುಕೊಳ್ಳುವುದು ಇದಕ್ಕೇ. ದಿನಾ ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಶಾಖ ಕೊಟ್ಟವರ ಸೊಂಟದ ಮೇಲೆ ಕಂದು ಬಣ್ಣದ ಬಲೆಯಂಥ ಗುರುತು ಮೂಡುತ್ತದೆ. ಅದು ಕಂಡರೆ ಶಾಖ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಮುಲಾಮು ಹಚ್ಚಿ ಅದರ ಮೇಲೆ ಶಾಖ ಕೊಡುವವರು ಬಹಳ ಜನ. ಮುಲಾಮಿನಲ್ಲಿರುವ ಮೆಂಥಾಲ್ ಚರ್ಮವನ್ನು ತಣ್ಣಗೆ ಮಾಡುವುದಿಲ್ಲ, ತಂಪು ಗುರುತಿಸುವ ನರದ ತುದಿಯನ್ನು ಎಬ್ಬಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹಾಗೆಯೇ ಬಿಸಿ ಗುರುತಿಸುವ ತುದಿಯನ್ನು ಎಬ್ಬಿಸುತ್ತದೆ. ನರದ ತುದಿಯಲ್ಲಿ ಬಿಸಿ, ತಂಪು ಗುರುತಿಸುವ ಈ ಗ್ರಾಹಕಗಳನ್ನು ಪತ್ತೆಹಚ್ಚಿದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಬಂತು. ಅಂದರೆ ಮುಲಾಮು ಹಚ್ಚಿದ ಜಾಗದಲ್ಲಿ ನಿಜಕ್ಕೂ ಬಿಸಿ ಎಷ್ಟಿದೆ ಅಂತ ಚರ್ಮ ಸರಿಯಾಗಿ ಹೇಳುವುದಿಲ್ಲ. ಪೂರ್ತಿ ತೊಳೆದು ಒರೆಸಿಯೇ ಶಾಖ ಕೊಡಿ.

ಇನ್ನು ನಾನು ಮೊದಲಿಗೆ ಹೇಳಿದ ಆ ಅರ್ಧ ಗಂಟೆ. ಭುಜ ಹಿಡಿದುಕೊಂಡಿದ್ದ ಅಮ್ಮ ಒಬ್ಬರು ಬರುತ್ತಿದ್ದರು. ಮನೆಯಲ್ಲಿ ಬೆಳಗ್ಗೆ ಸಂಜೆ ತಪ್ಪದೆ ಶಾಖ ಕೊಡುತ್ತಿದ್ದರು. "ಶಾಖ ಆದ್ಮೇಲೆ ಏನ್ ಮಾಡ್ತೀರಮ್ಮಾ?" ಅಂದೆ. "ಕೈಗೆ ತೊಂದ್ರೆ ಕೊಡಬಾರ್ದು ಅಂತ ಹೊದ್ದುಕೊಂಡು ಕೂತಿರ್ತೀನಿ" ಅಂದರು. ನಾವು ಬದಲಿಸಿದ್ದು ಅದೊಂದನ್ನೇ. ಹದಿನೈದು ನಿಮಿಷ ಶಾಖ. ತೆಗೆದ ಕೂಡಲೇ ಎದ್ದು, ಒಳ್ಳೆ ಕೈಯನ್ನು ಮೇಜಿನ ಮೇಲೆ ಊರಿ ಬಾಗಿ, ನೋಯುವ ಕೈಯನ್ನು ಇಳಿಬಿಟ್ಟು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗುವುದು. ಆಮೇಲೆ ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆ ಕೈಯ ಬಲದಿಂದ ಇನ್ನೊಂದನ್ನು ಮೇಲೆತ್ತುವುದು. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಹಿಡಿದ ಭುಜ ಬಿಡಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಅವರಿಗೂ ಬೇಗ ಬಿಡಲಿಲ್ಲ. ಆದರೆ ಒಂದು ದಿನ ಬಂದವರೇ ಬೆನ್ನು ತಿರುಗಿಸಿ ನಿಂತು, "ನೋಡಿ, ಇವತ್ತು ಜಡೆ ನಾನೇ ಹಾಕ್ಕೊಂಡೆ" ಅಂದರು. ನನಗೆ ಆ ದಿನವೆಲ್ಲ ಖುಷಿ.

ಸೊಂಟ ನೋವಿಗೂ ಇದೇ ಮಾತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2006ರ ಪರಿಶೀಲನೆ ಹೊಸದಾಗಿ ಬಂದ ಸೊಂಟ ನೋವಿಗೆ ಶಾಖದ ಪಟ್ಟಿಯಿಂದ ಸ್ವಲ್ಪ ದಿನದ ಮಟ್ಟಿಗೆ ಸ್ವಲ್ಪ ಆರಾಮ ಸಿಗುತ್ತದೆ, ವ್ಯಾಯಾಮ ಸೇರಿದರೆ ಇನ್ನೂ ಅನುಕೂಲ ಅಂತ ಕಂಡುಕೊಂಡಿತು. ಐಸ್ ಬಗ್ಗೆ ಸೊಂಟ ನೋವಿನಲ್ಲಿ ಏನನ್ನೂ ಖಚಿತವಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ. ಹಾಗಾಗಿ ಹಳೆ ಸೊಂಟ ನೋವಿನವರು "ನಂಗೆ ತಂಪೇ ಹಿತ" ಅಂದರೆ ನಾನು ವಾದ ಮಾಡುವುದಿಲ್ಲ. ಯಾವುದು ಇಟ್ಟರೆ ಎದ್ದು ಹತ್ತು ನಿಮಿಷ ನಡೆಯುವಂತಾಗುತ್ತದೋ ಅದೇ ಇಡಿ.

ಜಿಮ್ ಹುಡುಗರಿಗೆ ಒಂದು ಮಾತು. ಭಾರ ಎತ್ತಿದ ದಿನವೆಲ್ಲ ಐಸ್ ನೀರಿನ ಟಬ್‌ನಲ್ಲಿ ಕೂತರೆ ಸ್ನಾಯು ಬೆಳೆಯುವುದು ಕಡಿಮೆಯಾಗುತ್ತದೆ ಅಂತ 2015ರಲ್ಲಿ ಪ್ರಕಟವಾದ ಹನ್ನೆರಡು ವಾರಗಳ ಅಧ್ಯಯನ ತೋರಿಸಿದೆ. ಬೆಳೆಯಲಿ ಅಂತ ತಾನೇ ಭಾರ ಎತ್ತುವುದು, ಅಲ್ವಾ?

ಎರಡೂ ಬೇಡ ಅನ್ನುವ ಸಂದರ್ಭಗಳೂ ಇವೆ. ಸ್ಪರ್ಶ ಗೊತ್ತಾಗದ ಚರ್ಮ, ತೆರೆದ ಗಾಯ, ರಕ್ತ ಸರಿಯಾಗಿ ಹರಿಯದ ಕಾಲು. ಚಳಿಗೆ ಬೆರಳು ಬಿಳಿಚಿ ನೀಲಿಯಾಗುವವರಿಗೆ, ತಂಪು ತಾಗಿದರೆ ಪಿತ್ತದ ಗಂಧೆಯಂತೆ ಏಳುವವರಿಗೆ ಐಸ್ ಬೇಡ. ಕ್ಯಾನ್ಸರ್ ಇರುವ ಜಾಗಕ್ಕೆ, ಕೀವು ತುಂಬಿದ ಜಾಗಕ್ಕೆ ಶಾಖ ಬೇಡ. ಒಂದು ಕೀಲು ದಿಢೀರನೆ ಊದಿ ಕೆಂಪಾಗಿ ಜೊತೆಗೆ ಜ್ವರವೂ ಬಂದರೆ, ಸೊಂಟ ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಗಳ ನಡುವೆ ಜೋಮು ಬಂದರೆ, ಯಾವ ಚೀಲವನ್ನೂ ಹುಡುಕದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಾಗೇ ಒಂದೇ ಕಾಲಿನ ಮೀನಖಂಡ ಊದಿ, ಬಿಗಿದು, ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್ ಆಗಿ ಅಥವಾ ಬಹಳ ದಿನ ಮಲಗಿದ್ದು ಎದ್ದವರಲ್ಲಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಶಾಖ ಕೊಡಬೇಡಿ. ಮೊದಲು ವೈದ್ಯರು ನೋಡಲಿ. ಆಮೇಲೆ ನಮ್ಮ ಹತ್ತಿರ ಬನ್ನಿ.