ಅದೇ ದಿನ ಮರಳಿ ಬರಬಾರದೇ?

ಶರಾವತಿಯ ಹಿನ್ನೀರಿನಲ್ಲಿ ಗೆಳೆಯರೊಂದಿಗೆ ಕೆನೋ ದೋಣಿ ನಡೆಸಿ, ನಡುಗಡ್ಡೆಯೊಂದರಲ್ಲಿ ರಾತ್ರಿ ಕಳೆದು ಬರುತ್ತೇನೆ ಎಂದಾಗಲೆಲ್ಲ ಬೆಂಗಳೂರಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ. ಬಸವನಗುಡಿಯ ಮನೆಯಲ್ಲಿ ಅಮ್ಮ ಕೇಳುತ್ತಾಳೆ, ಕಚೇರಿಯಲ್ಲಿ ಜೊತೆಯವರು ಕೇಳುತ್ತಾರೆ: "ಬೆಳಿಗ್ಗೆ ಹೋಗಿ ಸಂಜೆಯೊಳಗೆ ದಡ ಸೇರಬಾರದೇ? ರಾತ್ರಿ ಅಲ್ಲೇ ಉಳಿಯುವ ಹಟ ಯಾಕೆ?" ಕೇಳುವವರ ಮನಸ್ಸಿನಲ್ಲಿರುವುದು ಕಾಳಜಿಯೇ. ಹಗಲು ಸುರಕ್ಷಿತ, ರಾತ್ರಿ ಅಪಾಯಕಾರಿ ಎಂಬುದು ನಾವೆಲ್ಲ ಚಿಕ್ಕಂದಿನಿಂದ ಕಲಿತ ಲೆಕ್ಕ. ಆದರೆ ಆ ನೀರಿನ ಮೇಲೆ ನಾನು ಹೆದರುವುದು ಮಧ್ಯಾಹ್ನಕ್ಕೆ. ರಾತ್ರಿ ಉಳಿಯುವುದು ಆ ಮಧ್ಯಾಹ್ನದ ಗಾಳಿಗೆ ಸಿಕ್ಕಿಕೊಳ್ಳದಿರಲೆಂದೇ.

ಮೊದಲು ಆ ನೀರು ಎಂಥದ್ದೆಂದು ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಸಾಗರ, ಹೊಸನಗರ ಸೀಮೆಯ ಕಣಿವೆಗಳು ತುಂಬಿಕೊಂಡವು. ಊರು, ಗದ್ದೆ, ತೋಟಗಳ ಮೇಲೆ ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ಹರವಿನ ನೀರು ನಿಂತಿತು. ಗುಡ್ಡಗಳ ನೆತ್ತಿಗಳೇ ಇಂದಿನ ನಡುಗಡ್ಡೆಗಳು. ಮುಳುಗಿದ ಕಾಡಿನ ಒಣ ಮರಗಳು ಇನ್ನೂ ನಿಂತಿವೆ. ತುಂಬಿದ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಕಳೆದು, ವಿದ್ಯುತ್ತಿಗಾಗಿ ನೀರು ಇಳಿಯುತ್ತ ಹೋದಂತೆ ಆ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಮಟ್ಟ ಬಹಳ ಇಳಿದ ವರ್ಷಗಳಲ್ಲಿ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿ ಅದರಲ್ಲೇ ಮುಳುಗಿಹೋದ ಮಡೆನೂರಿನ ಹಳೆಯ ಅಣೆಕಟ್ಟೂ ಹೊರಗೆ ಕಾಣುತ್ತದೆ. ಬೆಂಗಳೂರಿನ ನಮ್ಮ ಮನೆಗಳಲ್ಲಿ ದೀಪ ಉರಿಯುವುದರಲ್ಲಿ ಈ ನೀರಿನ ಪಾಲೂ ಇದೆ ಎಂಬುದನ್ನು ಅಲ್ಲಿ ಹುಟ್ಟು ಹಾಕುವಾಗ ಮರೆಯಲು ನನಗೆ ಸಾಧ್ಯವಾಗಿಲ್ಲ. ಯಾರದೋ ಅಂಗಳದ ಮೇಲೆ ದೋಣಿ ಸಾಗುತ್ತಿದೆ ಎಂಬ ಅರಿವಿನಿಂದ ನಾವು ಅಲ್ಲಿ ಗಲಾಟೆ ಮಾಡುವುದಿಲ್ಲ.

ಇನ್ನು ಗಾಳಿಯ ವಿಚಾರ. ಕೆನೋ ಎಂದರೆ ಮೇಲ್ಭಾಗ ಪೂರ್ತಿ ತೆರೆದಿರುವ, ಉದ್ದನೆಯ, ಹಗುರವಾದ ದೋಣಿ. ಅದರಂಥದೇ ಇನ್ನೊಂದು ದೋಣಿಯಾದ ಕಯಾಕಿನಲ್ಲಿ ಹುಟ್ಟಿನ ಎರಡೂ ತುದಿಗೆ ಅಲಗಿರುತ್ತದೆ. ಕೆನೋ ಹುಟ್ಟಿಗೆ ಒಂದೇ ಅಲಗು. ಮುಂದೆ ಕೂತವರು ವೇಗ ಕೊಡುತ್ತಾರೆ, ಹಿಂದೆ ಕೂತವರು ಪ್ರತಿ ಸೆಳೆತದ ಕೊನೆಗೆ ಹುಟ್ಟನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ದಿಕ್ಕು ತಪ್ಪದಂತೆ ನೋಡಿಕೊಳ್ಳುತ್ತಾರೆ. ಇಬ್ಬರು ಮನುಷ್ಯರು, ಡೇರೆ, ಅಡುಗೆ ಸಾಮಾನು, ಕುಡಿಯುವ ನೀರು ಎಲ್ಲವನ್ನೂ ತುಂಬಿದ ಮೇಲೆ ದೋಣಿಯ ಅಂಚಿಗೂ ನೀರಿಗೂ ನಡುವೆ ಉಳಿಯುವ ಅಂತರ ಒಂದು ಗೇಣಿಗಿಂತ ಹೆಚ್ಚೇನೂ ಇರುವುದಿಲ್ಲ. ಶಾಂತವಾದ ನೀರಿನಲ್ಲಿ ಅಷ್ಟು ಧಾರಾಳ ಸಾಕು. ಆದರೆ ಗಾಳಿ ಎಷ್ಟು ದೂರ ತಡೆಯಿಲ್ಲದೆ ನೀರಿನ ಮೇಲೆ ಓಡುತ್ತದೆಯೋ ಅಲೆ ಅಷ್ಟು ಬೆಳೆಯುತ್ತದೆ. ಹಿನ್ನೀರಿನ ತೆರೆದ ಹರವುಗಳಲ್ಲಿ ಆ ಓಟಕ್ಕೆ ಅಡ್ಡಿ ಬಹಳ ಕಡಿಮೆ. ಬಿಸಿಲು ಏರಿ ನೆಲ ಕಾದಂತೆ ಗಾಳಿ ಬಲಗೊಳ್ಳುತ್ತದೆ. ಸೂರ್ಯ ಮುಳುಗಿ ನೆಲ ತಣ್ಣಗಾದ ಮೇಲೆ ತಂಪು ಗಾಳಿ ಕೆಳಗೆ ಕದಲದೆ ಕೂರುವುದರಿಂದ ನೀರೂ ಸುಮ್ಮನಾಗುತ್ತದೆ.

ಇದನ್ನು ನಾವು ಅನುಭವದಿಂದಲೇ ಕಲಿಯಬೇಕಾಯಿತು. ಮೊದಲ ಸಲ ಹೋದಾಗ ನಮ್ಮದೂ ಅಮ್ಮನ ಲೆಕ್ಕವೇ: ಒಂಬತ್ತಕ್ಕೆ ಹೊರಟು, ನಡುಗಡ್ಡೆಯಲ್ಲಿ ಊಟ ಮುಗಿಸಿ, ನಾಲ್ಕಕ್ಕೆ ವಾಪಸು. ಹೋಗುವಾಗ ನೀರು ಕನ್ನಡಿಯಂತಿತ್ತು. ಒಂದು ಗಂಟೆಗೆ ಮರಳಿ ಹೊರಟು ತೆರೆದ ನೀರಿನ ನಡುವಿಗೆ ಬರುವಷ್ಟರಲ್ಲಿ ಪಕ್ಕದಿಂದ ಬಂದ ಅಲೆಗಳು ದೋಣಿಯೊಳಗೆ ಬೀಳತೊಡಗಿದವು. ಮುಂದೆ ಕೂತಿದ್ದ ಗೆಳತಿ ಹುಟ್ಟು ಬಿಟ್ಟು ಚೊಂಬಿನಿಂದ ನೀರು ಮೊಗೆದು ಹಾಕುತ್ತಿದ್ದಳು, ನಾನೊಬ್ಬನೇ ಎಷ್ಟು ಎಳೆದರೂ ಎದುರಿನ ದಡ ಹತ್ತಿರವಾಗುತ್ತಿರಲಿಲ್ಲ. ಕೊನೆಗೆ ಗಾಳಿಗೆ ಬೆನ್ನು ಕೊಟ್ಟು, ಅದು ತಳ್ಳಿದ ಕಡೆಗೇ ಹೋಗಿ ಒಂದು ಬೋಳು ದಿಬ್ಬ ಸೇರಿದೆವು. ಉಳಿದೆರಡು ದೋಣಿಗಳೂ ಅಲ್ಲಿಗೇ ಬಂದವು. ಕತ್ತಲಾಗುವ ಸ್ವಲ್ಪ ಮೊದಲು ಗಾಳಿ ನಿಂತಾಗ, ಮರದ ಬೊಡ್ಡೆಗಳನ್ನು ತಡವುತ್ತ ದಡ ಮುಟ್ಟಿದಾಗ, ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಗಾಳಿ ಎದ್ದ ಮೇಲೆ ನಾವೇ ತೆಪ್ಪ ಬಿಡದಿಲ್ಲ ಮಾರಾಯ್ರೆ. ಅಲ್ಲೇ ಮಲಗಿ ಬೆಳಿಗ್ಗೆ ಬರದಲ್ವ?"

ಅಂದಿನಿಂದ ನಮ್ಮ ಪ್ರವಾಸಕ್ಕೆ ಒಂದು ಕ್ರಮ ಬಂದಿದೆ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಅಲ್ಲಿಂದ ಹಿನ್ನೀರಿನ ದಡದ ಹೊನ್ನೆಮರಡು ಕಡೆಗೆ ಹೋಗಿ, ತಿಂಡಿ ತಿಂದು, ಸಾಮಾನು ಕಟ್ಟುವಷ್ಟರಲ್ಲಿ ಗಾಳಿ ಏಳುವ ಹೊತ್ತು ಬಂದೇ ಬಿಡುತ್ತದೆ. ಹಾಗಾಗಿ ಹೊರಡುವ ಆತುರ ಮಾಡದೆ ದಡದಲ್ಲೇ ಮಧ್ಯಾಹ್ನ ಕಳೆಯುತ್ತೇವೆ. ಹೊಸದಾಗಿ ಬಂದವರಿಗೆ ಆಳವಿಲ್ಲದ ಕಡೆ ದೋಣಿ ಮಗುಚಿ, ಲೈಫ್ ಜಾಕೆಟ್ ಹಾಕಿಕೊಂಡು ತೇಲುವುದನ್ನೂ, ಮಗುಚಿದ ದೋಣಿಯನ್ನು ಬಿಡದೆ ಹಿಡಿದುಕೊಳ್ಳುವುದನ್ನೂ ರೂಢಿ ಮಾಡಿಸುತ್ತೇವೆ. ನಾಲ್ಕು ಗಂಟೆಯ ಮೇಲೆ ನೀರಿನ ಮೈ ನಯವಾಗುತ್ತ ಬಂದರೆ ಹೊರಡುತ್ತೇವೆ, ಇಲ್ಲವಾದರೆ ಆ ದಿನ ಹೊರಡುವುದೇ ಇಲ್ಲ. ಮುಂಚೆ ಅನುಮತಿ ಪಡೆದ ನಡುಗಡ್ಡೆಯನ್ನು ಬೆಳಕಿರುವಾಗಲೇ ಸೇರುತ್ತೇವೆ. ರಾತ್ರಿ ಉಳಿಯುತ್ತೇವೆಯೇ ಹೊರತು ರಾತ್ರಿ ದೋಣಿ ನಡೆಸುವುದಿಲ್ಲ. ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿರುವ ಬೊಡ್ಡೆ ಹಗಲಿನಲ್ಲೇ ಕಾಣುವುದು ಕಷ್ಟ.

ರಾತ್ರಿಯ ಬಗ್ಗೆ ಹೇಳುವುದು ಕಡಿಮೆ. ಕೆನೋಗಳನ್ನು ದಿಬ್ಬದ ಮೇಲೆ ಎಳೆದು, ಬೋರಲು ಹಾಕಿ, ಮರಕ್ಕೆ ಕಟ್ಟುತ್ತೇವೆ. ನಡುಗಡ್ಡೆಯಲ್ಲಿ ದೋಣಿ ತೇಲಿಹೋದರೆ ಬೇರೆ ದಾರಿಯಿಲ್ಲ. ಬೆಂಕಿ ಹಾಕದೆ ಸಣ್ಣ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟು ಮಾಡುತ್ತೇವೆ. ಒಂಬತ್ತರ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ.

ನಿಜವಾಗಿ ನಾವು ಹೋಗುವುದು ಮರುದಿನದ ಬೆಳಗಿಗಾಗಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಗಾಳಿ ನೀರಿಗಿಂತ ತಣ್ಣಗಿರುವುದರಿಂದ ನೀರಿನ ಮೇಲೆಲ್ಲ ಮಂಜು ಎದ್ದಿರುತ್ತದೆ. ಎದುರಿನ ದಡವಿರಲಿ, ಹತ್ತು ಮಾರು ದೂರದ ಬೊಡ್ಡೆಯೂ ಕಾಣುವುದಿಲ್ಲ. ಆಗ ಹೊರಡುವಂತಿಲ್ಲ. ಏಳು, ಏಳೂವರೆಗೆ ಮಂಜು ಹರಿಯುತ್ತದೆ, ಹನ್ನೊಂದರ ಸುಮಾರಿಗೆ ಗಾಳಿ ಬರುತ್ತದೆ. ಇವೆರಡರ ನಡುವಿನ ಮೂರೂವರೆ ಗಂಟೆಯಷ್ಟೇ ನಮ್ಮದು. ತುಂಬಿದ ದೋಣಿ ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುತ್ತದೆಂದು ಹಿಡಿದು, ಆ ಅವಧಿಯ ಅರ್ಧದಲ್ಲಿ ದಡ ಮುಟ್ಟುವಷ್ಟು ಹತ್ತಿರದ ನಡುಗಡ್ಡೆಯನ್ನೇ ಆರಿಸುತ್ತೇವೆ. ಅದೇ ದಿನ ಹೋಗಿ ಬರುವವರು ಈ ಬೆಳಗನ್ನು ಹೋಗುವುದಕ್ಕೆ ಖರ್ಚು ಮಾಡುತ್ತಾರೆ, ಮರಳುವ ದಾರಿ ಗಾಳಿಯ ಪಾಲಾಗುತ್ತದೆ.

ಇದಾದ ಮೇಲೆ ಕೆಲವರು ಕೇಳುವುದುಂಟು: ಅಷ್ಟು ದೂರ ಯಾಕೆ, ಕಾವೇರಿ ಹತ್ತಿರವಿಲ್ಲವೇ? ಸಂಗಮ, ಮೇಕೆದಾಟು ಬೆಂಗಳೂರಿಗೆ ಹತ್ತಿರ ನಿಜ. ಆದರೆ ಅಲ್ಲಿನದು ಬಂಡೆಗಳ ನಡುವೆ ಸುಳಿಯುತ್ತ ಓಡುವ ನೀರು, ಮೊಸಳೆಗಳೂ ಇವೆ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಮಲಗಿದ ಜಾಗಕ್ಕೇ ಹೊಳೆ ಬರಬಹುದು. ಸುತ್ತಲಿನದು ಕಾವೇರಿ ವನ್ಯಜೀವಿಧಾಮ. ಮನಬಂದಂತೆ ಡೇರೆ ಹೂಡುವಂತಿಲ್ಲ, ಹೂಡಲೂಬಾರದು.

ಕಳೆದ ಜನವರಿಯಲ್ಲಿ ನಾವು ದಡ ಮುಟ್ಟಿದಾಗ ಒಂಬತ್ತು ಗಂಟೆ. ಸಾಮಾನು ಇಳಿಸಿ, ಅಮ್ಮನಿಗೆ ಫೋನ್ ಮಾಡಿ "ಬಂದಾಯ್ತು" ಎಂದೆ. "ಇಷ್ಟು ಬೇಗನೇ?" ಎಂದಳು. ನಾವು ದಾಟಿ ಬಂದ ನೀರಿನ ಮೇಲೆ, ದೂರದಲ್ಲಿ, ಮೊದಲ ಸುಕ್ಕುಗಳು ಏಳುತ್ತಿದ್ದವು.